ಬೇಟೆಯವರು ಎಂದು ಬರೆದ ಮನೆ

ಸಾವಿರದ ಒಂಬೈನೂರ ಒಂದನೆಯ ಇಸವಿಯ ಖಾನೇಷುಮಾರಿಯಲ್ಲಿ ಕಳಲೆಯ ಸುತ್ತಲಿನ ಜನರನ್ನು ಮನೆಮನೆಗೆ ಹೋಗಿ ಎಣಿಸಿದ ಶಾನುಭೋಗ ನಾನು. ನನ್ನ ಅಕ್ಷರ ದುಂಡಗಿತ್ತು, ಜಂಬ ಅದಕ್ಕಿಂತ ದುಂಡಗಿತ್ತು. ಪುಸ್ತಕದಲ್ಲಿ ಒಂದು ಕಾಲಂ ಖಾಲಿ ಉಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಕುರುಚಲು ಕಾಡಿನ ಅಂಚಿಗೆ ಏಳು ಗುಡಿಸಲುಗಳ ಪಾಳ್ಯವೊಂದಿತ್ತು. ಬುಟ್ಟಿ ಹೆಣೆಯುವ ಜನ. ಮೊದಲ ಗುಡಿಸಲಿನ ರಾಚಮ್ಮ ಮನೆಯ ನಾಲ್ವರ ಹೆಸರನ್ನೂ ಹೇಳಿದಳು: ತಾನು, ಮಗ ಚಿಕ್ಕಮಾದು, ಇಬ್ಬರು ಹೆಣ್ಣುಮಕ್ಕಳು. ಕುಲ ಯಾವುದೆಂದು ಕೇಳಿದಾಗ ಮಾತ್ರ ತಲೆ ಅಲ್ಲಾಡಿಸಿದಳು.

"ಕುಲದ ಎಸ್ರ ಮದ್ವೆ ಚಪ್ಪರದಲ್ಲಿ ಏಳ್ತೀವಿ, ಸಾವಿನ ಮನೇಲಿ ಏಳ್ತೀವಿ. ಬರೀ ಮಾತಿಗೆ ಏಳಾಕಿಲ್ಲ ಬುದ್ಧೀ. ಉಗಾದಿ ಕಳುದ್ಮೇಲೆ ನನ್ ಮಗನ ಮದ್ವೆ. ನರಸೀಪುರದ ಎಣ್ಣು. ಆಗ ಬನ್ನಿ, ಕೇಳುಸ್ಕಳಿ."

ಅಲ್ಲಿಯವರೆಗೆ ಸರ್ಕಾರ ಕಾಯುತ್ತದೆಯೇ? ಗೋಡೆಯ ಮೇಲೊಂದು ಬಲೆ ನೇತಾಡುತ್ತಿತ್ತು. "ಬೇಟೆಯವರು" ಎಂದು ಬರೆದು ಏಳೂ ಮನೆಗೆ ಅದನ್ನೇ ಎಳೆದೆ. ಅದು ಕಪಿಲಾ ಹೊಳೆಯಲ್ಲಿ ಮೀನು ಹಿಡಿಯುವ ಬಲೆ. ಮೂಸಿದ್ದರೆ ಕುರುಡನಿಗೂ ತಿಳಿಯುತ್ತಿತ್ತು.

ಹತ್ತು ದಿನಗಳ ಮೇಲೆ, ದನ ಹಿಡಿಯುತ್ತಿದ್ದ ಹುಲಿಯನ್ನು ಹೊಡೆಯಲು ದೊರೆಯೊಬ್ಬರು ಬಂದು ಡೇರೆ ಹಾಕಿದರು. ತಮಟೆ ಬಡಿದು ಹುಲಿಯನ್ನು ಬಂದೂಕಿನ ಕಡೆಗೆ ಅಟ್ಟಲು ಜನ ಬೇಕಿತ್ತು. ಬೇಟೆ ಬಲ್ಲವರು ಯಾರಿದ್ದಾರೆಂದು ಅವರ ದಫೇದಾರ ನನ್ನ ಜಗಲಿಗೇ ಬಂದು ಕೇಳಿದ. ಬೀಗಿಹೋಗಿ ಪುಸ್ತಕ ತೆರೆದು ತೋರಿಸಿದೆ.

ಪಾಳ್ಯದ ಗಂಡಸರೆಲ್ಲ ಬುಟ್ಟಿ ಮಾರಲು ನರಸೀಪುರಕ್ಕೆ ಹೋಗಿದ್ದರು. ಮರುದಿನ ಅಲ್ಲಿ ಸಿಕ್ಕವನು ಚಿಕ್ಕಮಾದು ಒಬ್ಬನೇ; ಸಾಲಿನ ಉಳಿದವರೆಲ್ಲ ಸುತ್ತಲ ಹಳ್ಳಿಗಳಿಂದ ಕರೆತಂದ ಆಳುಗಳು. ಕೊರಳಿಗೆ ತಮಟೆ ಕಟ್ಟಿಸಿಕೊಂಡು ನಿಂತಿದ್ದವನು ನನ್ನನ್ನು ಕಂಡು ಓಡಿಬಂದ.

"ಕಾಡಲ್ಲಿರೋನು ನಮ್ಮ ಇರಿಯಣ್ಣ ಬುದ್ಧೀ. ಅವನ ಎಸ್ರೇ ನಮ್ ಕುಲದ ಎಸ್ರು. ಅವ ಸತ್ರೆ ಮಡಕೆ ಒಡ್ದು ಸೂತಕ ಮಾಡ್ತೀವಿ. ನಾನೇ ಅವನ್ನ ಬಂದೂಕಿನ ಬಾಯ್ಗೆ ಅಟ್ಟುದ್ರೆ ನಮ್ಮವ್ವ ನನ್ನೆಸ್ರಲ್ಲೂ ಮಡಕೆ ಒಡೀತಾಳೆ. ಬೇಟೆಯೋರಲ್ಲ ಅಂತ ಒಂದ್ ಮಾತು ಏಳ್ಬುಡಿ."

ದಫೇದಾರನ ಕಿವಿಗೂ ಬಿತ್ತು. "ಏನ್ ಶಾನುಭೋಗರೇ, ಪುಸ್ತಕ ಸುಳ್ಳೋ ಇವನು ಸುಳ್ಳೋ? ಇವನು ತಮಟೆ ಹೊಡೀದಿದ್ರೆ ಸಂಜೆಯೊಳಗೆ ಏಳು ಗುಡಿಸಲೂ ಕೀಳಿಸ್ತೀನಿ. ಅದು ಸರ್ಕಾರಿ ಜಾಗ."

ಆ ಒಂದು ಮಾತು ಗಂಟಲವರೆಗೂ ಬಂತು. ಸರ್ಕಾರದ ಪುಸ್ತಕದಲ್ಲಿ ತೋಚಿದ್ದನ್ನು ಗೀಚಿದೆ ಎಂದರೆ ನನ್ನ ಶಾನುಭೋಗಿಕೆ ಏನಾಗಬೇಕು? "ಪುಸ್ತಕದಲ್ಲಿ ಇರೋದೇ ಸರಿ," ಎಂದೆ. ಥೂ ಈ ನಾಲಿಗೆಗೆ. ಚಿಕ್ಕಮಾದು ನನ್ನ ಮುಖವನ್ನೊಮ್ಮೆ ನೋಡಿ ಸಾಲಿಗೆ ಹೋಗಿ ನಿಂತ.

ತಮಟೆಗಳು ಒಟ್ಟಿಗೆ ಎದ್ದವು, ಸಾಲು ಮುಂದೆ ಸರಿಯಿತು. ನಾನು ದಫೇದಾರನ ಬೆನ್ನ ಹಿಂದೆ ಬೆವರುತ್ತ ನಡೆದೆ. ಇದ್ದಕ್ಕಿದ್ದಂತೆ ಚಿಕ್ಕಮಾದುವಿನ ತಮಟೆ ನಿಂತಿತು. ಅವನಿಂದ ಹತ್ತು ಮಾರು ದೂರದಲ್ಲಿ ಲಂಟಾನದ ಪೊದೆಯಿಂದ ಹುಲಿ ಹೊರಗೆ ಬಂದು ಅವನನ್ನೇ ನೋಡುತ್ತಿತ್ತು. ಅವನು ಸುಮ್ಮನೆ ಪಕ್ಕಕ್ಕೆ ಸರಿದಿದ್ದರೆ ಅದು ಆ ಸಂದಿಯಲ್ಲೇ ದಾಟಿ ಬದುಕಿಕೊಳ್ಳುತ್ತಿತ್ತು.

"ಹೊಡಿಯೋ! ಏಳೂ ಗುಡಿಸಲು!" ಎಂದು ದಫೇದಾರ ಕೂಗಿದ.

ಚಿಕ್ಕಮಾದು ಕೈ ಎತ್ತಿದ. ಹೊಡೆಯಬೇಡವೋ ಎಂದು ಒಳಗೊಳಗೇ ಬೇಡಿಕೊಂಡೆ, ಕೂಗುವ ಗಂಡಸುತನವಿರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು ತಮಟೆ ಬಡಿದ. ಹುಲಿ ಹಿಂದಕ್ಕೆ ತಿರುಗಿತು. ಸ್ವಲ್ಪ ಹೊತ್ತಿಗೆ ಎರಡು ಗುಂಡಿನ ಸದ್ದು ಕೇಳಿಸಿತು.

ಮಾರ್ಚಿ ಒಂದನೇ ತಾರೀಖು ಕೊನೆಯ ಎಣಿಕೆ. ಈ ನಡುವೆ ಸತ್ತವರನ್ನು ಪುಸ್ತಕದಿಂದ ಹೊಡೆದುಹಾಕಬೇಕು. ದೀಪ ಹಚ್ಚುವ ಹೊತ್ತಿಗೆ ಪಾಳ್ಯಕ್ಕೆ ಹೋದೆ. ಏಳು ಗುಡಿಸಲುಗಳೂ ನಿಂತಿದ್ದವು. ರಾಚಮ್ಮನ ಬಾಗಿಲ ಮುಂದೆ ಎರಡು ಹೊಸ ಮಡಕೆಗಳ ಚೂರು ಬಿದ್ದಿತ್ತು. ನರಸೀಪುರದವರು ಮದುವೆಗೆ ಒಪ್ಪಿ ತೆಗೆದುಕೊಂಡಿದ್ದ ವೀಳ್ಯವನ್ನು ಹಿಂದಕ್ಕೆ ಕಳಿಸಿದ್ದರು.

"ಮೂರೇ ಜನ ಅಂತ ಬರ್ಕಳಿ," ಎಂದಳು ರಾಚಮ್ಮ. "ಉಲಿಯೋರ ಕುಲದ ಚಿಕ್ಕಮಾದು ಸತ್ತೋದ."

ಹುಲಿಯವರು. ಚಪ್ಪರದಲ್ಲಿ ಕೇಳಬೇಕಾಗಿದ್ದ ಹೆಸರನ್ನು ನಾನು ಕೇಳಿದ್ದು ಹೀಗೆ.

"ಅಲ್ಲಿ ಕೂತಿದ್ದಾನಲ್ಲಮ್ಮ," ಎಂದೆ. ಪಾಳ್ಯದ ಆಚೆ ಹುಣಸೆಮರದ ಕೆಳಗೆ ಮೂರು ಕಲ್ಲಿಟ್ಟುಕೊಂಡು ಚಿಕ್ಕಮಾದು ತನ್ನ ಗಂಜಿ ತಾನೇ ಬೇಯಿಸುತ್ತಿದ್ದ.

"ಅವ ನಿಮ್ಮ ಪುಸ್ತಕದೋನು," ಎಂದಳು. ಅವಳ ಕಣ್ಣು ತುಂಬಿತ್ತು, ಆದರೆ ಆ ಕಡೆ ತಿರುಗಲಿಲ್ಲ.

ನಾನು ಏಳೂ ಮನೆಯ "ಬೇಟೆಯವರು" ಹೊಡೆದು "ಹುಲಿಯವರು" ಎಂದು ಬರೆದೆ. ಆಮೇಲೆ ಹುಣಸೆಮರದ ಬಳಿ ಹೋಗಿ, ಅಲ್ಲೊಂದು ಮನೆಯೆಂದು ಚಿಕ್ಕಮಾದುವನ್ನು ಒಂಟಿಯಾಗಿ ನಮೂದಿಸಿದೆ. ಕುಲದ ಕಾಲಮ್ಮಿನಲ್ಲಿ ಅವನಿಗೂ ಹುಲಿಯವರು ಎಂದೇ ಬರೆದೆ. ನನ್ನಿಂದಾಗುವ ಪ್ರಾಯಶ್ಚಿತ್ತ ಅಷ್ಟೇ ಇತ್ತು.

"ಏನ್ ಬರ್ದ್ರಿ ಬುದ್ಧೀ?" ಎಂದು ಕೇಳಿದ. ಹೇಳಿದೆ.

"ಅದ ಒಡ್ದಾಕ್ಬುಡಿ," ಎಂದ, ಒಲೆಯಿಂದ ಕಣ್ಣು ತೆಗೆಯದೆ. "ಸರ್ಕಾರದ ಪುಸ್ತಕ. ಸುಳ್ಳು ಬರೀಬ್ಯಾಡಿ."

ಅವನೆದುರಿಗೇ ಅದನ್ನು ಹೊಡೆದು, ಪಕ್ಕದಲ್ಲಿ ಬೇಟೆಯವನು ಎಂದು ಬರೆದೆ.