ಎಡೆಗೆ ಮುಂಚಿನ ಉಪ್ಪು

ನಮ್ಮ ಅತ್ತೆ ಪುಟ್ಟಬಸಮ್ಮನವರಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಅಡುಗೆಯ ವಿಷಯ ಏನು ಕೇಳಿದರೂ "ಕೈ ಏಳ್ತದೆ ಕಣವ್ವ" ಎನ್ನುವರು. ಕೊಪ್ಪರಿಗೆ ಅನ್ನಕ್ಕೆ ನೀರೆಷ್ಟು? ಕೈ ಏಳ್ತದೆ. ಸಾರಿಗೆ ಉಪ್ಪೆಷ್ಟು? ಕೈ ಏಳ್ತದೆ. ಒಲೆಯಿಂದ ಯಾವಾಗ ಇಳಿಸುವುದು? ಅದನ್ನೂ ಕೈಯೇ ಹೇಳುತ್ತದಂತೆ. ಮದುವೆಯಾಗಿ ಮಾಂಬಳ್ಳಿಗೆ ಬಂದ ಹೊಸತರಲ್ಲಿ ಈ ಉತ್ತರ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. "ಕೈ ಏನು ಫೋನಾ ಅತ್ತೆ, ನಿಮ್ಮ ಹತ್ರ ಮಾತ್ರ ಮಾತಾಡೋಕೆ?" ಎಂದು ಒಂದು ದಿನ ಕೇಳಿಯೇಬಿಟ್ಟೆ. ಅವರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕುಬಿಟ್ಟರು.

ನಾನು ಕೊಳ್ಳೇಗಾಲದವಳು. ಮದುವೆಗೆ ಮುಂಚೆ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕಿದ್ದೆ. ಚೀಟಿ ಓದು, ಮಾತ್ರೆಯ ಹೆಸರು ಓದು, ಇನ್ನೊಂದು ಸಲ ಓದು, ಆಮೇಲೆ ಕೊಡು. ನಾನು ಕೆಲಸ ಬಿಟ್ಟರೂ ಆ ಅಭ್ಯಾಸ ನನ್ನನ್ನು ಬಿಡಲಿಲ್ಲ. ಬಾಗಿಲಿಗೆ ಬೀಗ ಹಾಕಿ, ಬೀದಿ ತಿರುವಿನವರೆಗೆ ಹೋಗಿ, ವಾಪಸ್ ಬಂದು ಬೀಗ ಎಳೆದು ನೋಡುವವಳು ನಾನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನನ್ನ ಗಂಡ ಕುಮಾರಸ್ವಾಮಿಯನ್ನು ಅರ್ಧ ದಾರಿಯಿಂದ ಮನೆಗೆ ಓಡಿಸಿದ್ದೇನೆ. "ಅವ್ವನ ಕೈ ಮಾತಾಡ್ತದೆ, ನಿನ್ ಕೈ ಮೂಗಿ ಬುಡು ಪ್ರೇಮಾ" ಎಂದು ಅವರು ಛೇಡಿಸುತ್ತಾರೆ.

ಅತ್ತೆ ಮಲೆ ಮಾದಪ್ಪನ ಪರಕ್ಕೆ ಅಡುಗೆ ಮಾಡುವವರು. ಹರಕೆ ಹೊತ್ತವರು ದೇವರ ಹೆಸರಿನಲ್ಲಿ ನೆಂಟರಿಗೆ, ಊರಿಗೆ ಊಟ ಹಾಕುವುದಕ್ಕೆ ನಮ್ಮ ಕಡೆ ಪರ ಎನ್ನುತ್ತೇವೆ. ಇದರಲ್ಲಿ ಅಡುಗೆಯವರಿಗೆ ಒಂದು ದೊಡ್ಡ ಪೇಚಾಟವಿದೆ. ದೇವರ ಮುಂದೆ ಎಡೆ ಇಡುವ ತನಕ ಯಾರೂ ರುಚಿ ನೋಡುವಂತಿಲ್ಲ. ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕುವುದು ಹಾಗಿರಲಿ, ಬೇಕೆಂದೇ ಮೂಸುವುದೂ ತಪ್ಪು. ಹಾಗಿದ್ದರೂ ಯಳಂದೂರಿನಿಂದ ಹನೂರಿನವರೆಗೆ ಅತ್ತೆಯ ಸಾರನ್ನು ಹಳಿದವರನ್ನು ನಾನು ಕಂಡಿಲ್ಲ.

ಎರಡು ವರ್ಷದ ಹಿಂದೆ ಅತ್ತೆಗೆ ಲಕ್ವ ಹೊಡೆಯಿತು. ನಡಿಗೆ ಬಂತು, ಮಾತು ಬಂತು. ಬಲಗೈಗೆ ಮಾತ್ರ ಸೌಟು ಹಿಡಿಯುವ ಶಕ್ತಿ ಬರಲಿಲ್ಲ. ಅಡುಗೆಗೆ ಹೋಗುವುದು ತಪ್ಪಿದ ಮೇಲೆ ಅವರು ದಿನವೆಲ್ಲ ಗೋಡೆ ನೋಡುತ್ತಾ ಕೂರತೊಡಗಿದರು. ಅದನ್ನು ನೋಡಲಾರದೆ, ನಾನು ಸೌಟು ಹಿಡಿಯುತ್ತೇನೆ, ನೀವು ಪಕ್ಕದಲ್ಲಿ ಕೂತು ಹೇಳಿ ಎಂದೆ. ಹೀಗೆ ಕೈ ನನ್ನದು, ಬುದ್ಧಿ ಅವರದು ಎಂದು ಮತ್ತೆ ಹೊರಟೆವು. ಅವರು ಹಾಕು ಎಂದರೆ ಹಾಕುತ್ತಿದ್ದೆ, ಸಾಕು ಎಂದರೆ ನಿಲ್ಲಿಸುತ್ತಿದ್ದೆ. ನನಗೂ ಅದು ಬಹಳ ಸುಖವಾಗಿತ್ತು. ತಪ್ಪಾದರೆ ನನ್ನದಲ್ಲವಲ್ಲ.

ಈ ಕಾರ್ತಿಕದಲ್ಲಿ ಬಂಡಳ್ಳಿಯ ದೊಡ್ಡಮಾದಪ್ಪನವರ ಮನೆಯ ಪರ ಬಂತು. ಅವರು ಬಾಯಿಬಿಟ್ಟೇ ಹೇಳಿದ್ದರು. "ಪುಟ್ಟಬಸಮ್ಮ, ನಿಮ್ ಮೇಲಿನ ಮರ್ವಾದಿಗೆ ಕರೀತಾ ಇವ್ನಿ. ಈ ಸಲ ಎಚ್ಚುಕಮ್ಮಿ ಆದ್ರೆ ಮುಂದ್ಕೆ ಬ್ಯಾರೇರ್ನ ನೋಡ್ಕತೀನಿ." ಅವರು ಕೈಬಿಟ್ಟರೆ ಆ ಕಡೆಯ ಊರುಗಳವರೆಲ್ಲ ಕೈಬಿಟ್ಟಂತೆಯೇ. ಅತ್ತೆ ಮತ್ತೆ ಗೋಡೆಯ ಮುಂದೆ ಕೂರುತ್ತಾರೆ. ನನಗೆ ಇದ್ದ ಹೆದರಿಕೆ ಅದೊಂದೇ.

ಹಿತ್ತಲಲ್ಲಿ ಒಲೆ ಹೂಡಿದ್ದರು. ಪಲ್ಯ, ಪಾಯಸವನ್ನು ದೊಡ್ಡಮಾದಪ್ಪನವರ ತಂಗಿ ಪುಟ್ಟಮಲ್ಲಮ್ಮ ನೋಡಿಕೊಂಡರು. ಅನ್ನ ಮತ್ತು ಅವರೆಕಾಳಿನ ಸಾರು ನನ್ನ ಪಾಲಿಗೆ. ಬೆಳಿಗ್ಗೆ ಕುಂಬಳಕಾಯಿ ಹೆಚ್ಚಿಕೊಡುವಾಗ ಹೆಬ್ಬೆರಳು ಕೊಯ್ದುಕೊಂಡಿದ್ದೆ. ಸಣ್ಣ ಗಾಯ, ನೋವೇನೂ ಇರಲಿಲ್ಲ. ಕಾಳು ಬೆಂದಿತು, ಸೌಟಿನಲ್ಲಿ ತೋಡಿ ಖಾರ ಬಿಟ್ಟೆ, ಸಾರು ಕೊತಕೊತ ಕುದಿಯತೊಡಗಿತು. ಅಷ್ಟರಲ್ಲಿ ದೊಡ್ಡಮಾದಪ್ಪನವರು ಬಂದು, "ಕಂಸಾಳೆ ಪದ ಏಳೋ ದೇವ್ರ ಗುಡ್ಡರು ಬಂದವ್ರೆ, ಎಡೆಗೆ ಎಷ್ಟೊತ್ತಾದದು?" ಎಂದು ತರಾತುರಿ ಮಾಡಿದರು. ಅವರಿಗೆ ಉತ್ತರ ಹೇಳಿ ಕಳಿಸಿ, ಚುರುಗುಡುತ್ತಿದ್ದ ಬೆರಳಿಗೆ ಊದಿಕೊಳ್ಳುತ್ತಾ ಕೊಪ್ಪರಿಗೆಯ ಕಡೆ ತಿರುಗಿದೆ. ಆಗ ತಲೆಯೊಳಗೆ ಹುಳು ಹೊಕ್ಕಿತು.

ಉಪ್ಪು ಹಾಕಿದೆನಾ?

ನೆನಪಿಲ್ಲ. ಎಷ್ಟು ತಡಕಾಡಿದರೂ ನೆನಪಿಲ್ಲ. ಉಪ್ಪಿನ ಚೀಲ ನೋಡಿ ಹೇಳೋಣವೆಂದರೆ ಪುಟ್ಟಮಲ್ಲಮ್ಮನೂ ಅದರಿಂದಲೇ ತೆಗೆದುಕೊಂಡಿದ್ದಾರೆ. ಹಾಕದೇ ಇದ್ದರೆ ಮಾದಪ್ಪನಿಗೆ ಸಪ್ಪೆ ಎಡೆ ಇಟ್ಟವರು ಎಂಬ ಹೆಸರು. ಎರಡು ಸಲ ಹಾಕಿದರೆ ಅಷ್ಟೂ ಸಾರನ್ನು ಹಳ್ಳಕ್ಕೆ ಚೆಲ್ಲಬೇಕು.

ಕಲ್ಲಿನ ಮೇಲೆ ಕೂತಿದ್ದ ಅತ್ತೆಯನ್ನು ನೋಡಿದೆ. ಅವರಿಗೆ ನನ್ನ ಮುಖ ನೋಡಿಯೇ ತಿಳಿಯಿತು.

"ಉಪ್ಪು ಆಕಿಲ್ಲ ಕಣವ್ವ ನೀನು. ನಾನು ಇಲ್ಲೇ ಕುಂತ್ಕಂಡು ನೋಡ್ತಾನೇ ಇವ್ನಿ. ಆಕು."

ಎಂಥ ನೆಮ್ಮದಿಯಾಯಿತು ಎಂದರೆ, ಅಲ್ಲೇ ಅವರ ಕಾಲಿಗೆ ಬೀಳೋಣವೆನಿಸಿತು. ಚೀಲಕ್ಕೆ ಕೈಹಾಕಿ ಮುಷ್ಟಿ ತುಂಬ ಕಲ್ಲುಪ್ಪು ತೆಗೆದೆ. ಉಪ್ಪನ್ನು ಸೌಟಿನಲ್ಲಿ ಹಾಕಬಾರದು, ಮುಷ್ಟಿಯಲ್ಲೇ ಹಾಕಬೇಕು ಎನ್ನುವುದೂ ಅವರದೇ ಪಾಠ. ಕೊಪ್ಪರಿಗೆಯ ಮೇಲೆ ಕೈ ಹಿಡಿದೆ. ಮುಷ್ಟಿ ಬಿಚ್ಚಲಿಲ್ಲ.

ಹೆದರಿಕೆ ನನಗೆ ಚೆನ್ನಾಗಿ ಗೊತ್ತು. ಅದು ಹೇಳಿದ್ದನ್ನೇ ನೂರು ಸಲ ಹೇಳುತ್ತದೆ, ಬೀದಿ ತಿರುವಿನಿಂದ ವಾಪಸ್ ಎಳೆದು ತರುತ್ತದೆ. ಇದು ಹಾಗಿರಲಿಲ್ಲ. ಬೇಡ ಎಂದು ಒಂದೇ ಸಲ ಅಂದಿತು, ಸುಮ್ಮನಾಯಿತು. ತಲೆಯೊಳಗಿನ ಮೆಡಿಕಲ್ ಸ್ಟೋರು ಹಾಕು, ಹಾಕಬೇಡ ಎಂದು ಕೂಗಾಡುತ್ತಲೇ ಇತ್ತು. ಕೈ ಮಾತ್ರ ಅಲುಗಲಿಲ್ಲ.

"ಆಕವ್ವ, ಏನು ನೋಡ್ತಾ ನಿಂತಿದ್ದೀಯ?" ಅತ್ತೆಯ ದನಿ ಏರಿತು. ಪುಟ್ಟಮಲ್ಲಮ್ಮ ತಿರುಗಿ ನೋಡಿದರು.

"ಹಾಕಿದೀನಿ ಅತ್ತೆ," ಎಂದೆ. ನನ್ನ ದನಿ ಕೇಳಿ ನನಗೇ ಆಶ್ಚರ್ಯವಾಯಿತು.

"ನಾನು ನೋಡ್ತಾ ಇವ್ನಿ ಅಂತಿದ್ದೀನಿ. ನನ್ಗೆ ಏಳ್ಕೊಡ್ತೀಯಾ? ಮಾನ ಕಳೀಬ್ಯಾಡ ಕಣೇ!"

ನಾಲ್ಕು ಜನರ ಮುಂದೆ ಅವರ ಮಾತನ್ನು ನಾನು ಮೀರಿದವಳಲ್ಲ. ಅವತ್ತು ಮೀರಿದೆ. ಮುಷ್ಟಿಯ ಉಪ್ಪನ್ನು ಚೀಲಕ್ಕೆ ಸುರಿದು, ಕೊಪ್ಪರಿಗೆಯ ಮೇಲೆ ತಟ್ಟೆ ಮುಚ್ಚಿದೆ. ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡರು.

ಎಡೆ ಇಟ್ಟರು. ಉಘೇ ಮಾದಪ್ಪ ಎಂದರು. ನಾನೂ ಅಂದೆ, ಅಷ್ಟು ಭಕ್ತಿಯಿಂದ ಜನ್ಮದಲ್ಲಿ ಅಂದಿರಲಿಲ್ಲ. ಪಂಕ್ತಿ ಕೂತಿತು. ಸಾರಿನ ಬಕೆಟ್ಟು ಹೊರಟಾಗ ನಾನು ಒಲೆಯ ಬೂದಿ ನೋಡುತ್ತಾ ಕೂತೆ. ನಮ್ಮ ಕಡೆ ಸಾರು ಚೆನ್ನಾಗಿದ್ದರೆ ಯಾರೂ ಹೊಗಳುವುದಿಲ್ಲ, ಕೆಟ್ಟಿದ್ದರೆ ಮಾತ್ರ ಬಾಯಿ ಬರುತ್ತದೆ. ಆಮೇಲೆ ಬಕೆಟ್ಟು ಖಾಲಿಯಾಗಿ ಮತ್ತೆ ಹಿತ್ತಲಿಗೆ ಬಂತು. "ಇನ್ನೊಂದ್ ದಪ ಬುಡಬೇಕಂತೆ, ಬಿರ್ರನೆ ತುಂಬವ್ವ" ಎಂದರು ಪುಟ್ಟಮಲ್ಲಮ್ಮ.

ಗೆದ್ದೆ ಎಂದು ಕುಣಿಯಬೇಕಿತ್ತು. ನಾನು ಕೊನೆಯ ಪಂಕ್ತಿಯಲ್ಲಿ ಅತ್ತೆಯ ಪಕ್ಕ ಕೂತೆ. ಅವರು ಎಡಗೈಯಿಂದ ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ಮತ್ತೊಂದು ತುತ್ತು ತೆಗೆದುಕೊಳ್ಳಲಿಲ್ಲ. ಎಲೆಯನ್ನೇ ನೋಡುತ್ತಾ ಕೂತರು. ಆಗ ನನಗೆ ಹೊಳೆಯಿತು, ಸಾರಿಗೆ ಉಪ್ಪು ಸರಿಯಾಗಿದೆ ಎಂದರೆ ಏನರ್ಥ ಎಂದು. ಸಪ್ಪೆಯಾಗಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಕೈತೊಳೆಯಲು ನೀರು ಹುಯ್ದೆ. ಅವರು ಮೆಲ್ಲಗೆ ಹೇಳಿದರು. "ಸುಳ್ಳು ಏಳ್ನಿಲ್ಲ ಕಣವ್ವ. ನಾನು ನೋಡ್ತಾನೇ ಇದ್ದೆ. ನೀನು ಆಕಿದ್ದು ಮಾತ್ರ ನನ್ ತಲೇಲಿ ಇಲ್ಲ. ಈಚೀಚೆಗೆ ಇಂಗೇ ಆಯ್ತಾ ಅದೆ. ಯಾರ್ಗೂ ಏಳಿಲ್ಲ." ನಾನು ಚೊಂಬು ಬಗ್ಗಿಸಿ ಅವರ ಕೈಗೆ ಇನ್ನಷ್ಟು ನೀರು ಹುಯ್ದೆ. "ಇನ್ಮೇಕೆ ನಾನು ಆಕು ಅಂದ್ರೂ ಆಕ್ಬ್ಯಾಡ. ಮೊದ್ಲು ನಿನ್ನ ನೀನು ಕೇಳ್ಕೊ."

ಪಾತ್ರೆ ಉಜ್ಜುವಾಗ ಹೆಬ್ಬೆರಳು ಮತ್ತೆ ಉರಿಯಿತು. ಆಗ ಅರ್ಥವಾಯಿತು. ದೊಡ್ಡಮಾದಪ್ಪನವರನ್ನು ಕಳಿಸಿ ನಾನು ಊದಿಕೊಳ್ಳುತ್ತಿದ್ದದ್ದು ಇದೇ ಬೆರಳು. ಬೆಳಿಗ್ಗೆಯಿಂದ ನೋಯದ ಗಾಯ ಉಪ್ಪು ತಾಕಿದ್ದರಿಂದ ಚುರುಗುಟ್ಟಿತ್ತು. ನನ್ನ ತಲೆ ಮಾತಿನ ಗಡಿಬಿಡಿಯಲ್ಲಿ ಗಮನಿಸದೆ ಬಿಟ್ಟದ್ದನ್ನು ಕೈ ಬಿಟ್ಟಿರಲಿಲ್ಲ. ಅದಕ್ಕೆ ಹೇಳಲು ಮಾತಿರಲಿಲ್ಲ, ಅಷ್ಟೇ. ಇಷ್ಟು ವರ್ಷ ಅತ್ತೆ ನನಗೆ ಹೇಳುತ್ತಿದ್ದದ್ದು ಇದನ್ನೇ, ನಾನು ಅಳತೆ ಕೇಳುತ್ತಿದ್ದೆ.

ಸಂಜೆ ಪಾತ್ರೆಗಳನ್ನು ಟೆಂಪೋಗೆ ಏರಿಸಿ ಹೊರಟೆವು. ಮುಂದಿನ ವರ್ಷಕ್ಕೂ ನೀವೇ ಎಂದು ದೊಡ್ಡಮಾದಪ್ಪನವರು ಎಲೆ ಅಡಿಕೆ ಕೊಟ್ಟು ಕಳಿಸಿದ್ದರು. ಬಂಡಳ್ಳಿ ದಾಟಿ ಸ್ವಲ್ಪ ದೂರ ಬಂದಿದ್ದೆವು. ಅತ್ತೆ ಗಾಬರಿಯಿಂದ ನನ್ನ ಕೈ ಹಿಡಿದರು.

"ಪ್ರೇಮಾ, ಸಾರ್ಗೆ ಉಪ್ಪು ಆಕ್ದಾ?"

"ಹಾಕಿದೀನಿ ಅತ್ತೆ."

"ಎಂಗ್ ಗೊತ್ತು?"

"ಕೈ ಹೇಳ್ತು."

ಅವರು ಸೆರಗು ಬಾಯಿಗೆ ಹಿಡಿದು ನಕ್ಕರು. ನನ್ನ ಭುಜಕ್ಕೆ ತಲೆಯಿಟ್ಟರು. ಕೊಳ್ಳೇಗಾಲ ದಾಟಿದ ಮೇಲೆ ಮತ್ತೆ ಕೇಳಿದರು. ನಾನು ಮತ್ತೆ ಅದನ್ನೇ ಹೇಳಿದೆ.