ನೀಲಿ ಪಟ್ಟಿಯ ಡಬರಿ

ನಾನು ಒಂದು ಡಬರಿ. ಐನೂರು ಜನಕ್ಕೆ ಸಾರು ಕುದಿಸುವಷ್ಟು ದೊಡ್ಡ ಹೊಟ್ಟೆಯ ಅಲ್ಯೂಮಿನಿಯಂ ಪಾತ್ರೆ. ನನ್ನನ್ನು ಖಾಲಿ ಕಂಡವರೆಲ್ಲ ಒಳಗೆ ತಲೆಹಾಕಿ ‘ಓ’ ಎಂದು ಕೂಗಿ ತಮ್ಮ ದನಿ ತಾವೇ ಕೇಳಿಸಿಕೊಂಡು ನಗುತ್ತಾರೆ. ಏಕೆ ಎಂದು ನನಗೆ ಇಂದಿಗೂ ತಿಳಿದಿಲ್ಲ. ಮನುಷ್ಯರು ಮಾಡುವುದರಲ್ಲಿ ಮುಕ್ಕಾಲು ಪಾಲು ನನಗೆ ತಿಳಿಯುವುದಿಲ್ಲ. ಹುಟ್ಟಿದ ದಿನದಿಂದ ನಾನು ಬೆಚ್ಚಿಬೀಳುತ್ತಲೇ ಬಂದಿದ್ದೇನೆ.

ನಾನು ಹುಟ್ಟಿದ್ದು ಜಿಲ್ಲಾ ಪಟ್ಟಣದ ಒಂದು ಕಾರ್ಖಾನೆಯಲ್ಲಿ. ತಗಡನ್ನು ಬಾಗಿಸಿ, ಬಡಿದು, ಎರಡು ಕಿವಿಗಳನ್ನು ಕೂರಿಸಿ, ಉಜ್ಜಿ ಬೆಳ್ಳಿಯಂತೆ ಹೊಳೆಯಿಸಿದರು. ಪಾತ್ರೆ ಅಂಗಡಿಯ ಮುಂದೆ ನನ್ನನ್ನು ಇಟ್ಟಾಗ ನನಗೆ ಬಹಳ ಜಂಬವಿತ್ತು. ಒಂದು ದಿನ ಹುಲ್ಲುಸಂದ್ರದ ಓಬಳಯ್ಯ ಬಂದ. ತೆಂಗಿನಕಾಯಿ ನೋಡುವವನಂತೆ ಬೆರಳ ಗೆಣ್ಣಿನಿಂದ ನನ್ನ ಹೊಟ್ಟೆಯನ್ನು ತಟ್ಟಿದ, ತಲೆದೂಗಿದ, ಇನ್ನಷ್ಟು ಪಾತ್ರೆಗಳ ಜೊತೆ ಕೊಂಡುಕೊಂಡ. ಆಮೇಲೆ ಅಂಗಡಿಯವನು ಚಾಣ, ಸುತ್ತಿಗೆ ತಂದು ನನ್ನ ಅಂಚಿನ ಮೇಲೆ ಟಕಟಕ ಹೊಡೆಯತೊಡಗಿದ. ‘ಓಬಳಯ್ಯ, ಹುಲ್ಲುಸಂದ್ರ’ ಎಂದು ಚುಕ್ಕಿಚುಕ್ಕಿಯಾಗಿ ಬರೆದು ಮುಗಿಸಿದ. ಕೊಂಡ ವಸ್ತುವನ್ನು ಮನೆಗೆ ಒಯ್ಯುವ ಮೊದಲೇ ಗಾಯ ಮಾಡಿಸುವ ಜನ ಇವರು!

ಹುಲ್ಲುಸಂದ್ರದ ಬಸ್‌ಸ್ಟಾಪಿನಲ್ಲಿ ತಗಡಿನ ಮಾಡಿನ ನಾಲ್ಕು ಅಂಗಡಿಗಳಿದ್ದವು. ಮೊದಲನೆಯದು ಓಬಳಯ್ಯ ಮತ್ತು ಅವನ ಹೆಂಡತಿ ಗಂಗಹನುಮಕ್ಕನ ಶಾಮಿಯಾನ, ಪಾತ್ರೆ ಬಾಡಿಗೆ ಅಂಗಡಿ. ಪಕ್ಕದಲ್ಲಿ ಇಮಾಮ್ ಸಾಬರ ಟೈಲರ್ ಅಂಗಡಿ, ಅದರಾಚೆ ಕೆಂಚಪ್ಪನ ಹಿಟ್ಟಿನ ಮಿಲ್ಲು. ಎದುರಿಗೆ ಭದ್ರಮ್ಮನ ಇಡ್ಲಿ ಹೋಟೆಲು. ಇವುಗಳಲ್ಲಿ ಯಾವ ಅಂಗಡಿ ಯಾರದು ಎಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಭದ್ರಮ್ಮ ಸೌದೆ ತರಲು ಹೋದರೆ ಇಮಾಮ್ ಸಾಬರು ಕೊರಳಿನ ಟೇಪು ಕೂಡ ತೆಗೆಯದೆ ಇಡ್ಲಿ ಇಳಿಸುತ್ತಿದ್ದರು. ಮಿಲ್ಲಿನ ಬೆಲ್ಟು ಹರಿದರೆ ಇಮಾಮ್ ಸಾಬರ ದಪ್ಪ ಸೂಜಿಯೇ ಅದನ್ನು ಹೊಲಿಯಬೇಕು. ಶಾಮಿಯಾನದ ಕಂಬ ನೆಡಲು ಕೆಂಚಪ್ಪ ಮೈಮೇಲಿನ ಹಿಟ್ಟನ್ನೂ ಕೊಡವಿಕೊಳ್ಳದೆ ಓಡಿಬರುತ್ತಿದ್ದ. ಬಾಗಿಲು ನಾಲ್ಕಾದರೂ ಸಂಸಾರ ಒಂದೇ ಎನ್ನುವಂತಿತ್ತು.

ಬಂದ ಎರಡನೆಯ ದಿನವೇ ಇನ್ನೊಂದು ಆಘಾತ. ಗಂಗಹನುಮಕ್ಕ ಬಣ್ಣದ ಎರಡು ಡಬ್ಬಿ ಹಿಡಿದು ಬಂದಳು. ನನ್ನ ಜೊತೆಗೆ ಬಂದಿದ್ದ ಪಾತ್ರೆಗಳಿಗೆ ಕಿವಿಯ ಕೆಳಗೆ ಕೆಂಪು ಪಟ್ಟಿ ಬಳಿದಳು. ನನಗೆ ಮಾತ್ರ ನೀಲಿ. ಕೆಂಪು ಪಟ್ಟಿಯವು ಮದುವೆ, ನಾಮಕರಣ, ಗೃಹಪ್ರವೇಶಕ್ಕೆ. ನೀಲಿ ಪಟ್ಟಿಯವು ತಿಥಿಗೆ. ಸತ್ತವರ ಹನ್ನೊಂದನೆಯ ದಿನದ ಊಟಕ್ಕೆ ಹೋದ ಪಾತ್ರೆ ಮದುವೆಯ ಒಲೆ ಹತ್ತಬಾರದು ಎಂಬುದು ಆ ಸೀಮೆಯ ಕಟ್ಟುಪಾಡು. ಬಾಡಿಗೆಗೆ ಬರುವವರು ಮೊದಲು ಪಟ್ಟಿ ನೋಡುತ್ತಿದ್ದರು, ಆಮೇಲೆ ಪಾತ್ರೆ. ನಾನು ಮಾಡಿದ ತಪ್ಪಾದರೂ ಏನು? ಆ ದಿನ ನನಗೆ ಅಳು ಬರುವಷ್ಟು ಸಂಕಟವಾಯಿತು.

ತಿಥಿ ಮನೆ ಎಂದರೆ ಬರೀ ಗೋಳು ಎಂದು ಹೆದರಿಕೊಂಡೇ ಹೋದೆ. ಅಲ್ಲಿ ನೋಡಿದರೆ ಜನ ಮುದ್ದೆಯ ಮೇಲೆ ಮುದ್ದೆ ಹಾಕಿಸಿಕೊಳ್ಳುತ್ತಿದ್ದಾರೆ! ಸತ್ತವನು ಎಮ್ಮೆ ಕೊಳ್ಳಲು ಹೋಗಿ ಕತ್ತೆ ಹಿಡಿದುಕೊಂಡು ಬಂದದ್ದನ್ನು ಹೇಳಿ ಹೊಟ್ಟೆ ಹಿಡಿದು ನಗುತ್ತಿದ್ದಾರೆ! ನಗುತ್ತ ನಗುತ್ತಲೇ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಇಂಥ ಮನೆಗಳಿಗೆ ವರ್ಷಗಟ್ಟಲೆ ಹೋದೆ. ಆದರೂ ಕೆಂಪು ಪಟ್ಟಿಯ ಪಾತ್ರೆಗಳು ಹೂವಿನ ದಳ ಅಂಟಿಸಿಕೊಂಡು ಹಿಂದಿರುಗಿದಾಗ ನನ್ನ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಏಕೆ ಹೇಳಲಿ?

ಹುಲ್ಲುಸಂದ್ರದಲ್ಲಿ ಪಾತ್ರೆ ಬೇಕಾದವರು ಚೀಟಿ ಬರೆಸುತ್ತಿರಲಿಲ್ಲ. ಎಲೆ ಅಡಿಕೆಯ ವೀಳ್ಯ ತಂದು, ತಾರೀಖು ಹೇಳಿ, ಓಬಳಯ್ಯನ ಕೈಗೋ ಗಂಗಹನುಮಕ್ಕನ ಕೈಗೋ ಕೊಡುತ್ತಿದ್ದರು. ವೀಳ್ಯ ಹಿಡಿದರೆ ಮುಗಿಯಿತು, ಭೂಮಿ ಅದುರಿದರೂ ಆ ದಿನ ಪಾತ್ರೆ ಅವರ ಬಾಗಿಲಿಗೆ ಹೋಗಬೇಕು. ಹತ್ತೂರಲ್ಲಿ ಆ ಅಂಗಡಿಯ ಹೆಸರು ನಿಂತಿದ್ದೇ ಈ ನಂಬಿಕೆಯ ಮೇಲೆ.

ಒಂದು ವೈಶಾಖದಲ್ಲಿ ಗಂಡ ಹೆಂಡತಿ ಮಾತು ಬಿಟ್ಟರು. ಕಾರಣ ಒಂದು ಕೊಡೆ. ಗಂಗಹನುಮಕ್ಕನ ಹೊಸ ಕೊಡೆಯನ್ನು ಓಬಳಯ್ಯ ಬಸ್ಸಿನ ಕಂಡಕ್ಟರಿಗೆ ಎರವಲು ಕೊಟ್ಟಿದ್ದ. ಕಂಡಕ್ಟರಿಗೆ ಬೇರೆ ರೂಟು ಆಗಿ ಕೊಡೆಯೂ ಅವನ ಜೊತೆ ಹೋಯಿತು. ಹನ್ನೆರಡು ದಿನ ಒಂದು ಮಾತಿಲ್ಲ. “ಇಮಾಮ್ ಸಾಬ್ರೇ, ಊಟಕ್ಕೆ ಆಗೈತೆ ಅಂತ ಹೇಳ್ರಿ ಅವ್ರಿಗೆ” ಎಂದು ಇವಳು. “ಹಸಿವಿಲ್ಲ ಅನ್ರಿ ಸಾಬ್ರೇ” ಎಂದು ಅವನು. ಇಬ್ಬರೂ ಮಾರು ದೂರದಲ್ಲಿ ಕೂತಿರುತ್ತಿದ್ದರು. ನನಗಂತೂ ಬೆರಗೋ ಬೆರಗು.

ಆ ಹನ್ನೆರಡು ದಿನದಲ್ಲಿ ಓಬಳಯ್ಯ ಹಿರೇಕಟ್ಟೆಯವರ ಮದುವೆಗೆ ವೀಳ್ಯ ಹಿಡಿದಿದ್ದ. ಗಂಗಹನುಮಕ್ಕ ಎದುರಿನ ಭದ್ರಮ್ಮನ ಮಗಳು ಸುಕನ್ಯಾಳ ಮದುವೆಗೆ ಹಿಡಿದಿದ್ದಳು. ಎರಡೂ ಒಂದೇ ದಿನ. ಇಮಾಮ್ ಸಾಬರ ಮೂಲಕ ಊಟದ ಸುದ್ದಿ ಹೋಯಿತು, ಉಪ್ಪಿನಕಾಯಿಯ ಸುದ್ದಿ ಹೋಯಿತು, ವೀಳ್ಯದ ಸುದ್ದಿ ಮಾತ್ರ ಇಬ್ಬರೂ ಹೇಳಿ ಕಳಿಸಲಿಲ್ಲ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಗಂಗಹನುಮಕ್ಕ ಬಂದು ನೋಡಿದರೆ ಕೆಂಪು ಪಟ್ಟಿಯ ಪಾತ್ರೆಗಳನ್ನು ಹೊತ್ತ ಟ್ರ್ಯಾಕ್ಟರು ಆಗಲೇ ಹಿರೇಕಟ್ಟೆಯ ತಿರುವು ದಾಟುತ್ತಿತ್ತು.

“ಅವು ಎಲ್ಲಿಗೆ ಹೋದ್ವು?” ಎಂದಳು. ಹನ್ನೆರಡು ದಿನದ ಮೇಲೆ ಗಂಡನ ಜೊತೆ ಆಡಿದ ಮೊದಲ ಮಾತು.

“ಹಿರೇಕಟ್ಟೆ ಮದ್ವೆಗೆ. ವೀಳ್ಯ ಹಿಡಿದಿದ್ನಲ್ಲ.”

“ಅಯ್ಯೋ, ಭದ್ರಕ್ಕನ ವೀಳ್ಯ ನಾನು ಹಿಡಿದಿದ್ದೀನಲ್ರೀ!”

ಓಬಳಯ್ಯ ಸೈಕಲ್ ಹತ್ತಿ ತಾಲ್ಲೂಕು ಪಟ್ಟಣಕ್ಕೆ ಹೋಗಿ ಬರಿಗೈಯಲ್ಲಿ ಬಂದ. ಲಗ್ನಗಳ ಕಾಲ, ಒಂದು ಪಾತ್ರೆಯೂ ಖಾಲಿ ಇರಲಿಲ್ಲ. ಅನ್ನದ ಪಾತ್ರೆ, ಪಾಯಸದ ಪಾತ್ರೆಗಳನ್ನು ಅವರಿವರ ಮನೆಯಿಂದ ಹೊಂದಿಸಿದರು. ಸಾರು ಕುದಿಸುವ ಡಬರಿ ಮಾತ್ರ ಎಲ್ಲೂ ಸಿಗಲಿಲ್ಲ.

ಮಧ್ಯಾಹ್ನ ಗಂಗಹನುಮಕ್ಕ ನನ್ನ ಮುಂದೆ ಬಂದು ನಿಂತಳು. ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ. “ವೀಳ್ಯ ಹಿಡಿದು ಇಲ್ಲ ಅಂದ್ರೆ ನಾಳೆಯಿಂದ ನಮ್ಮ ಬಾಗ್ಲಿಗೆ ಯಾರು ಬರ್ತಾರೆ?” ಎಂದು ತನಗೆ ತಾನೇ ಹೇಳಿಕೊಂಡಳು. ನೀಲಿ ಕಾಣಿಸಬಾರದೆಂದು ಒಂದರ ಮೇಲೊಂದು ಮೂರು ಸಲ ಬಳಿದಳು. ನನಗೋ ಸಂತೋಷಕ್ಕೆ ಪಾರವೇ ಇಲ್ಲ. ಮದುವೆ! ನನಗೂ ಮದುವೆ! ಅವಳಿಗೆ ಎಂಥ ಕಷ್ಟ ಬಂದಿದೆ ಎಂಬ ಯೋಚನೆಯೇ ನನಗೆ ಬರಲಿಲ್ಲ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮರುದಿನ ನಸುಕಿನಲ್ಲಿ ಸಮುದಾಯ ಭವನದ ಹಿಂದಿನ ಕಲ್ಲೊಲೆಯ ಮೇಲೆ ನನ್ನನ್ನು ಏರಿಸಿದರು. ಪಕ್ಕದಲ್ಲಿ ಗೋಣಿಚೀಲದ ಮೇಲೆ ಒಬ್ಬ ಹೆಂಗಸು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. ಯಾರೋ ಕೆಲಸದವಳು ಎಂದುಕೊಂಡೆ. ಅವಳು ಹೊನ್ನೂರಮ್ಮ, ಮದುವೆ ಗಂಡಿನ ತಾಯಿ! ಎರಡು ವರ್ಷದ ಹಿಂದೆ ಗಂಡ ತೀರಿಕೊಂಡಿದ್ದ. ಆ ತಿಥಿಯ ಸಾರು ನನ್ನಲ್ಲೇ ಕುದಿದಿತ್ತು. ಗಂಡನಿಲ್ಲದವಳು ಧಾರೆಯ ಮುಂದೆ ನಿಲ್ಲಬಾರದಂತೆ. “ನಾನೇ ಬಂದು ಕುಂತೆ ಕಣಪ್ಪ, ಯಾರೂ ಏನೂ ಅನ್ಲಿಲ್ಲ” ಎಂದು ಅಡುಗೆಯವನಿಗೆ ಹೇಳಿದಳು. ಮಗನ ಮದುವೆಯ ದಿನ ತಾಯಿ ಒಲೆಯ ಹೊಗೆಯಲ್ಲಿ! ಎಷ್ಟೋ ತಿಥಿ ಕಂಡ ನಾನು ಇಂಥದ್ದನ್ನು ಎಲ್ಲೂ ಕಂಡಿರಲಿಲ್ಲ. ಅವಳು ಸೊಪ್ಪು ಹಾಕಲು ಎದ್ದವಳು ನನ್ನ ಅಂಚಿನ ಮೇಲಿನ ಹೆಸರನ್ನು ಒಮ್ಮೆ ಬೆರಳಿನಿಂದ ಸವರಿ ಮತ್ತೆ ಗೋಣಿಚೀಲದ ಮೇಲೆ ಕೂತಳು.

ಅಡುಗೆಯವನು ಸೌದೆ ಹೆಚ್ಚು ಮಾಡಿದ. ಉರಿ ಮೇಲಕ್ಕೆ ಏರಿತು. ಮೂರು ಪದರದ ಹಸಿ ಬಣ್ಣ ಒಳಗೆ ಆರಿರಲೇ ಇಲ್ಲ. ಗುಳ್ಳೆ ಎದ್ದಿತು, ಒಡೆಯಿತು, ತೊಟ್ಟುತೊಟ್ಟಾಗಿ ಕೆಳಗೆ ಇಳಿಯಿತು. ಅದರ ಅಡಿಯಿಂದ ಹಳೆಯ ನೀಲಿ ಪಟ್ಟಿ ಕಣ್ಣು ಬಿಟ್ಟಿತು. ಅದೇ ಹೊತ್ತಿಗೆ ಗಂಡಿನ ಚಿಕ್ಕಪ್ಪ ರಂಗಧಾಮಯ್ಯ ಊಟದ ವ್ಯವಸ್ಥೆ ನೋಡಲು ಹಿಂದಕ್ಕೆ ಬಂದ.

“ಏನ್ರೀ ಇದು? ತಿಥಿ ಡಬರೀಲಿ ಮದ್ವೆ ಸಾರಾ?”

ಅವನ ಕೂಗಿಗೆ ವಾಲಗ ನಿಂತಿತು. ಭದ್ರಮ್ಮ, ಓಬಳಯ್ಯ, ಗಂಗಹನುಮಕ್ಕ, ನೆಂಟರು ಎಲ್ಲರೂ ಓಡಿಬಂದು ನನ್ನ ಸುತ್ತ ನಿಂತರು. ಬಾಯಿಗೆ ಸೆರಗು ಒತ್ತಿಕೊಂಡವರೆಷ್ಟೋ ಜನ. ನನಗೆ ಒಲೆಯ ಮೇಲಿದ್ದೂ ಮೈ ತಣ್ಣಗಾಯಿತು.

“ಅದು ನಮ್ಮ ಅಂಗಡಿ ಬಾಗ್ಲಿಗೆ ಬಳಿಯೋ ನೀಲಿ, ತಗುಲ್ಕೊಂಡೈತೆ” ಎಂದರು ಇಮಾಮ್ ಸಾಬರು.

ಅದೇ ಕ್ಷಣಕ್ಕೆ ಕೆಂಚಪ್ಪನೂ “ಅದು ನಮ್ಮ ಮಿಲ್ ಮಿಶಿನ್ನಿನ ಬಣ್ಣ” ಎಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಮಾಮ್ ಸಾಬರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಸುಮ್ನಿರಿ ಇಬ್ರೂ” ಎಂದಳು ಗಂಗಹನುಮಕ್ಕ. ಭದ್ರಮ್ಮನ ಮುಂದೆ ಹೋಗಿ ಕೈಮುಗಿದಳು. “ಭದ್ರಕ್ಕ, ಇದು ತಿಥಿ ಡಬರೀನೇ. ಕೆಂಪು ಬಳಿದೋಳು ನಾನೇ. ನಿನ್ನ ವೀಳ್ಯ ಹಿಡಿದಿದ್ದೆ, ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ.”

ರಂಗಧಾಮಯ್ಯನಿಗೆ ಇನ್ನೂ ರೇಗಿತು. “ಚೆಲ್ರೋ ಇದನ್ನ! ಬೇರೆ ಅಡುಗೆ ಆಗೋವರ್ಗೂ ಧಾರೆ ಇಲ್ಲ. ಇನ್ಮೇಲೆ ಈ ಅಂಗಡಿ ಪಾತ್ರೆ ಯಾವ ಮದ್ವೆ ಮನೆಗೂ ಹೋಗದಂಗೆ ಹತ್ತೂರಿಗೂ ಹೇಳ್ತೀನಿ.”

ಇಬ್ಬರು ಗಂಡಸರು ಬಟ್ಟೆ ಸುತ್ತಿ ನನ್ನ ಕಿವಿ ಹಿಡಿದರು. ಆಗ ಗೋಣಿಚೀಲದ ಮೇಲಿಂದ ಹೊನ್ನೂರಮ್ಮ ಎದ್ದಳು.

“ಬಿಡ್ರಪ್ಪ ಅದನ್ನ. ರಂಗಧಾಮಪ್ಪ, ಈ ಡಬರಿ ನಂಗೆ ಗೊತ್ತು. ನಿಮ್ಮಣ್ಣನ ತಿಥಿಗೆ ಬಂದಿದ್ದು ಇದೇ. ಹೊತ್ತಾರೆನೇ ಗುರುತು ಹಿಡಿದೆ.”

“ಗೊತ್ತಿದ್ದೂ ಸುಮ್ನಿದ್ರಾ ಅತ್ಗೆ?”

“ನಾನೂ ಹಿಂದ್ಗಡೆ, ಅದೂ ಹಿಂದ್ಗಡೆ. ಜೊತೆ ಆಯ್ತು ಅಂತ ಸುಮ್ನಿದ್ದೆ. ಅವತ್ತು ಇದ್ರಲ್ಲಿ ಕುದ್ದ ಸಾರು ಉಂಡೋರೆಲ್ಲ ನಿಮ್ಮಣ್ಣನ ಹೆಸ್ರು ಹೇಳಿ ಒಳ್ಳೇದಾಗ್ಲಿ ಅಂದ್ರು. ಅದು ಕೆಟ್ಟದ್ದು ಹೆಂಗಾಯ್ತು? ಇದನ್ನ ಆಚೆ ಹಾಕೋದಾದ್ರೆ ಮೊದ್ಲು ನನ್ನ ಆಚೆ ಹಾಕು. ಆಮೇಲೆ ಧಾರೆ ಎರೀರಿ.”

ಹೀಗೆಂದವಳೇ ಸೌಟು ತೆಗೆದು ಸಾರು ಮೊಗೆದು, ಅಂಗೈಗೆ ಬಿಟ್ಟುಕೊಂಡು ಕುಡಿದಳು.

“ಉಪ್ಪು ಒಂಚೂರು ಸಾಲ್ದು” ಎಂದಳು.

ಅಡುಗೆಯವನು ಗಾಬರಿಯಲ್ಲಿ ಉಪ್ಪಿನ ಡಬ್ಬಿಗೆ ಕೈಹಾಕಿದ. ಬಾಸಿಂಗ ಕಟ್ಟಿಕೊಂಡ ಮದುವೆ ಗಂಡು ಯಾವಾಗ ಬಂದು ನಿಂತಿದ್ದನೋ, ಕೊತ್ತಂಬರಿ ಅಂಟಿದ್ದ ತಾಯಿಯ ಕೈ ಹಿಡಿದು ಮಂಟಪದ ಕಡೆಗೆ ನಡೆದ. ಯಾರೂ ತಡೆಯಲಿಲ್ಲ. ಭದ್ರಮ್ಮ ಗಂಗಹನುಮಕ್ಕನ ಮುಗಿದ ಕೈಗಳನ್ನು ಬಿಡಿಸಿ, “ಬಾ, ಅಕ್ಷತೆ ಹಾಕು ನಡಿ” ಎಂದಳು.

ಅಂದು ನನ್ನ ಸಾರು ತಳ ಕಾಣುವವರೆಗೆ ಖರ್ಚಾಯಿತು. ಆದರೂ ಒಂದಷ್ಟು ಜನ ಉಣ್ಣದೆ ಹೋದರು. ರಂಗಧಾಮಯ್ಯನೂ ಬಸ್‌ಸ್ಟಾಪಿನಲ್ಲಿ ಖಾಲಿ ಹೊಟ್ಟೆಯಲ್ಲಿ ಕೂತಿದ್ದು ಹೊರಟುಹೋದ. ಐದು ತಿಂಗಳು ಮದುವೆಯ ವೀಳ್ಯ ಒಂದೂ ಬರಲಿಲ್ಲ. ಗಂಗಹನುಮಕ್ಕ ನನಗೆ ಮತ್ತೆ ನೀಲಿ ಬಳಿದಳು. ಕೇಳಿದವರಿಗೆಲ್ಲ ನಡೆದದ್ದನ್ನು ನಡೆದಂತೆ ಹೇಳಿದಳು. ಹಾಗೆ ಮುಚ್ಚಿಡದೆ ಹೇಳಿದ್ದಕ್ಕೇ ಏನೋ, ಕಾರ್ತೀಕದಲ್ಲಿ ಒಬ್ಬರು ಮದುವೆಯ ವೀಳ್ಯ ತಂದರು, ಆಮೇಲೆ ಇನ್ನೊಬ್ಬರು. ಅಂಗಡಿ ಉಳಿಯಿತು. ಗಂಡ ಹೆಂಡತಿ ಈಗಲೂ ಜಗಳವಾಡುತ್ತಾರೆ, ಮಾತು ಮಾತ್ರ ಬಿಡುವುದಿಲ್ಲ.

ಇದೆಲ್ಲ ಆಗಿ ಎಷ್ಟೋ ವರ್ಷವಾಯಿತು. ನನ್ನ ತಳ ತೂತಾಗಿದೆ. ಗುಜರಿಯವನು ಎರಡು ಸಲ ಬಂದು ಕೇಳಿದ, ಗಂಗಹನುಮಕ್ಕ ಕೊಡಲಿಲ್ಲ. ನನ್ನನ್ನು ಅಂಗಡಿಯ ಮುಂದೆ ಬೋರಲು ಹಾಕಿದ್ದಾರೆ. ವೀಳ್ಯ ತಂದವರು ನನ್ನ ಮೇಲೆ ಕೂತು ಮಾತಾಡುತ್ತಾರೆ. ಮದುವೆಯವರು ಕೂತ ಜಾಗದಲ್ಲೇ ಸ್ವಲ್ಪ ಹೊತ್ತಿಗೆ ತಿಥಿಯವರು ಕೂರುತ್ತಾರೆ. ಮೊದಮೊದಲು ಅದಕ್ಕೂ ಬೆಚ್ಚುತ್ತಿದ್ದೆ. ಈಗ ರೂಢಿಯಾಗಿದೆ.

ಮೊನ್ನೆ ಬೆಳಗಿನ ಬಸ್ಸಿನಿಂದ ಒಬ್ಬ ಮುದುಕ ಇಳಿದು ಬಂದು ನನ್ನ ಮೇಲೆ ಕೂತ. “ಯಾರಿದ್ದೀರಮ್ಮ?” ಎಂದ ದನಿ ಕೇಳಿ ನಡುಗಿಬಿಟ್ಟೆ. ರಂಗಧಾಮಯ್ಯ! ಗಂಗಹನುಮಕ್ಕನೂ ಗುರುತು ಹಿಡಿದು ಬಾಗಿಲಲ್ಲೇ ನಿಂತಳು.

“ಅತ್ಗೆ ಹೋದ್ರು ಕಣಮ್ಮ. ಶುಕ್ರವಾರ ತಿಥಿ” ಎಂದು ಟವೆಲಿನ ಗಂಟಿನಿಂದ ವೀಳ್ಯ ತೆಗೆದ.

ಹೊನ್ನೂರಮ್ಮ ಹೋದಳೇ! ಗಂಗಹನುಮಕ್ಕ ನೀಲಿ ಪಟ್ಟಿಯ ಪಾತ್ರೆಗಳ ಕಡೆಗೆ ತಿರುಗಿದಳು.

“ಅವಲ್ಲ. ಕೆಂಪು ಪಟ್ಟೀವು ಕೊಡ್ರಮ್ಮ.”

“ಅವು ಮದ್ವೆಗೆ ಹೋಗೋವು ಕಣಣ್ಣ. ಒಂದ್ಸಲ ತಿಥಿಗೆ ಬಂದ್ರೆ ಮತ್ತೆ...”

“ಗೊತ್ತು” ಎಂದ. “ಅವತ್ತು ಮಗನ ಮದ್ವೇಲಿ ಹಿಂದ್ಗಡೆ ಹೋಗಿ ಕುಂತ್ಕೊಳ್ಳಿ ಅಂತ ಅವ್ರಿಗೆ ಹೇಳಿದ್ದು ನಾನೇ. ಅವ್ರು ಯಾರ ಹತ್ರನೂ ಅದನ್ನ ಬಾಯಿ ಬಿಡ್ಲಿಲ್ಲ. ಈಗಾದ್ರೂ ಅವ್ರ ಊಟ ಹಿಂದ್ಗಡೆ ಪಾತ್ರೇಲಿ ಬೇಡ.”

ಅವನು ಅಳುತ್ತಿದ್ದ. ನನ್ನ ಮೇಲೆ ಕೂತಿದ್ದರಿಂದ ಆ ಅಳು ನನ್ನ ತಗಡಿಗೆಲ್ಲ ಗೊತ್ತಾಗುತ್ತಿತ್ತು. ಗಂಗಹನುಮಕ್ಕ ಎರಡೂ ಕೈ ಚಾಚಿ ವೀಳ್ಯ ಹಿಡಿದಳು. ಓಬಳಯ್ಯ ಏಣಿ ಹಾಕಿ ಕೆಂಪು ಪಟ್ಟಿಯ ಪಾತ್ರೆಗಳನ್ನು ಒಂದೊಂದಾಗಿ ಕೆಳಗೆ ಇಳಿಸತೊಡಗಿದ.