ಅಮ್ಮನ ಕೈಗುಣ

ಅಮ್ಮ ಬಿಟ್ಟುಹೋದ ಮನಿ ಪ್ಲಾಂಟಿನಿಂದ ಕತ್ತರಿಸಿ ಇಟ್ಟಿದ್ದ ಮೂರನೇ ಕಡ್ಡಿಯೂ ಕೊಳೆಯಿತು. ಬಾಟಲಿಯಿಂದ ಎತ್ತಿದರೆ ಬುಡವೆಲ್ಲ ಲೊಳಲೊಳ, ಮೇಲೆ ಕೆಟ್ಟ ವಾಸನೆ ಬೇರೆ. ಮಗಳು ಅದನ್ನು ಹಿಡಿದುಕೊಂಡೇ ಅಡುಗೆಮನೆಯಲ್ಲಿ ಕುಸಿದು ಕುಳಿತಳು.

ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವ, ದಿನಬೆಳಗಾದರೆ ರಕ್ತ ನೋಡುವ ಹೆಂಗಸು ಒಂದು ಬಳ್ಳಿಯ ತುಂಡಿಗೆ ಅಳುವುದೇ ಎಂದು ನಗಬೇಡಿ. ಅವಳ ಸಂಕಟ ಅವಳಿಗೆ. ಮೂಗು, ಹಣೆ, ನಡಿಗೆ, ಸಿಟ್ಟು, ಎಲ್ಲವೂ ಅಪ್ಪನದೇ ಅಚ್ಚು. ಚಿಕ್ಕಮ್ಮಂದಿರು ಕಂಡಾಗಲೆಲ್ಲ, "ಅಕ್ಕಂದು ಒಂದಾದ್ರೂ ಬರಬಾರದಿತ್ತಾ ಇವಳಿಗೆ" ಎಂದು ಲೊಚಗುಟ್ಟುತ್ತಿದ್ದರು. ಅಮ್ಮ ಹೋದ ಮೇಲೆ ಆ ಮಾತು ಚುಚ್ಚತೊಡಗಿತ್ತು. ಕೈಗುಣವಾದರೂ ಬಂದಿರಬಹುದು ಎಂಬ ಆಸೆ ಅವಳದು.

ಅಮ್ಮನ ಕೈಗುಣ ಬೀದಿಗೆಲ್ಲ ಹೆಸರುವಾಸಿ. ಯಾರ ಮನೆಯ ಗಿಡ ಸೊರಗಿದರೂ, "ಒಂದ್ಸಲ ಮುಟ್ಟಿ ಕೊಡಿ ಅಕ್ಕಾ" ಎಂದು ಕಡ್ಡಿ ಹಿಡಿದು ಬರುತ್ತಿದ್ದರು. ಅಮ್ಮ ಬಾಟಲಿಗೆ ಕಂಠಪೂರ್ತಿ ನೀರು ತುಂಬಿ, ಕಡ್ಡಿಯನ್ನು ಎಲೆಸಮೇತ ಮುಳುಗಿಸಿ, ಸುಡುಬಿಸಿಲಿನ ಕಿಟಕಿಯಲ್ಲಿಡುತ್ತಿದ್ದಳು. ಹೋಗಿ ಬಂದು ಎತ್ತಿ ನೋಡಿ, "ಏನು ಸೋಮಾರಿತನ ನಿಂದು" ಎಂದು ಗದರುತ್ತಿದ್ದಳು. ಒಂದು ಬೆಳಗ್ಗೆ ನೋಡಿದರೆ ಬಿಳಿ ಬೇರಿನ ಗೊಂಚಲು! ಬಾಟಲಿ ಹಿಡಿದು ಮನೆಯೆಲ್ಲ ಓಡಾಡುವ ಅಮ್ಮ, ಅವಳ ಹಿಂದೆ ಚಪ್ಪಾಳೆ ತಟ್ಟುತ್ತಾ ಪುಟ್ಟ ಮಗಳು. ಎಷ್ಟು ಚೆಂದ ಇತ್ತು ಆ ಕಾಲ. ಈಗ ಮಗಳೂ ಅದನ್ನೇ ಚಾಚೂ ತಪ್ಪದೆ ಮಾಡಿದ್ದಳು, ಗದರುವುದೂ ಸೇರಿ.

ಅಪ್ಪ ಒಳಗೆ ಬಂದು ಬಾಟಲಿ ನೋಡಿದ. ಜೀವನವಿಡೀ ಫ್ರಿಜ್ ರಿಪೇರಿ ಮಾಡಿದವನು.

"ಎಲೆ ಮುಳುಗಿಸಿದ್ರೆ ಕೊಳೆಯದೆ ಇನ್ನೇನಾಗುತ್ತೆ? ಗೆಣ್ಣಿನ ಕೆಳಗೆ ಕತ್ತರಿಸಬೇಕು, ಗೆಣ್ಣಷ್ಟೇ ನೀರಲ್ಲಿರಬೇಕು. ಆಗಾಗ ನೀರು ಬದಲಾಯಿಸಬೇಕು. ಬೆಳಕು ಬೇಕು, ಬಿಸಿಲು ಬೇಡ. ಬೆಚ್ಚಗಿದ್ರೆ ಇನ್ನೂ ಬೇಗ ಬೇರು ಬಿಡುತ್ತೆ."

"ನಿಂಗೆ ಹೇಗಪ್ಪಾ ಗೊತ್ತು? ಅಮ್ಮ ಹಾಗೇನೂ ಮಾಡ್ತಿರಲಿಲ್ಲ."

ಅಪ್ಪ ಒಮ್ಮೆ ಬಾಗಿಲ ಕಡೆ ನೋಡಿದ, ಈಗಲೂ ಅವಳ ಕಿವಿಗೆ ಬಿದ್ದೀತು ಎಂಬಂತೆ.

"ಮದುವೆಯಾದ ಹೊಸತು. ಮೊದಲನೇ ಕಡ್ಡಿ ಕೊಳೆತಾಗ ಊಟ ಬಿಟ್ಟು ಕೂತಳು. ನನಗೆ ನೋಡಕ್ಕಾಗಲಿಲ್ಲ. ಅಂಗಡೀಲಿ ಓಡ್ತಿರೋ ಫ್ರಿಜ್ ಹಿಂದೆ ಬೆಚ್ಚಗಿರುತ್ತಲ್ಲ, ಅಲ್ಲಿ ಒಂದು ತುಂಡು ಇಟ್ಟೆ. ಬೇರು ಬಂದ ಮೇಲೆ ತಂದು, ಅವಳು ಸ್ನಾನಕ್ಕೆ ಹೋದಾಗ ಅವಳ ಬಾಟಲೀಲಿದ್ದ ಎರಡನೇ ಕಡ್ಡಿ ತೆಗೆದು ಇದನ್ನಿಟ್ಟೆ. ಅವಳ ಮುಖ ನೋಡಬೇಕಿತ್ತು ನೀನು! ಆಮೇಲೆ ಬೀದಿಯವರೆಲ್ಲ ಕಡ್ಡಿ ತರೋಕೆ ಶುರು ಮಾಡಿದ್ರು. ಪ್ರತಿ ಸಲ ಒಂದು ತುಂಡು ಕದ್ದು ಅಂಗಡಿಗೆ ಓಡೋದು, ನನ್ನ ಹಣೇಬರಹ."

"ಅಂದ್ರೆ, ಅಮ್ಮನ ಕೈಲಿ..."

"ಒಂದೂ ಬದುಕಲಿಲ್ಲ."

ಅವನು ಮಗಳ ಕೈಯಲ್ಲಿದ್ದ ಕಡ್ಡಿಯನ್ನು ತೆಗೆದುಕೊಂಡು ತಿರುಗಿಸಿ ನೋಡಿದ. ನಗುತ್ತಿದ್ದವನ ಕಣ್ಣು ತುಂಬಿ ಬಂತು.

"ಥೇಟ್ ಹೀಗೇ ಕೊಳೆಸ್ತಿದ್ದಳು. ನಿನ್ನ ಚಿಕ್ಕಮ್ಮಂದಿರಿಗೆ ಏನು ಗೊತ್ತು ಮಗಳೇ? ಈ ಕೈ ನಿಮ್ಮಮ್ಮಂದೇ."